‘ನರ’ ಅಂದರೆ ಯಾವುದು?

ಕನ್ನಡದ ಆಡುಮಾತಿನಲ್ಲಿ ‘ನರ’ ಎಂಬ ಪದಕ್ಕೆ ಎರಡು ಕೆಲಸ. ಸೂಜಿ ಚುಚ್ಚಲು ನರ್ಸ್ ಹುಡುಕುವುದೂ ನರ, ಮಿದುಳಿಗೆ ನೋವಿನ ಸುದ್ದಿ ಒಯ್ಯುವುದೂ ನರ. ಹೈದರಾಬಾದಿನಲ್ಲಿ ನನ್ನ ಸುತ್ತ ಕೇಳುವ ತೆಲುಗಿನಲ್ಲೂ ಹಾಗೆಯೇ. ಸಕ್ಕರೆ ಕಾಯಿಲೆಯಿರುವ ಹಿರಿಯರ ಮಟ್ಟಿಗೆ ಈ ಪದವೂ ತೂಕದ ಯಂತ್ರವೂ ಸೇರಿ ಒಂದು ಅಪಾಯವನ್ನು ಮರೆಮಾಡುತ್ತಿವೆ ಎಂಬುದು ನನ್ನ ವಾದ.

ಬೀದರ್, ಕಲಬುರಗಿ, ರಾಯಚೂರು ಕಡೆಯಿಂದ ಚಿಕಿತ್ಸೆಗೆಂದು ಇಲ್ಲಿಗೆ ಬರುವವರು ಬಹಳ. “ನಡಕೋತ ಹೋದ್ರ ನರ ಜಗ್ಗತಾವ್ರಿ, ಕುಂತ್ರ ಆರಾಮ ಆಗ್ತದ” ಎನ್ನುವ ಹಿರಿಯರಿಗೆ ಮನೆಯವರು ತಂದುಕೊಡುವುದು ‘ನರದ ಮಾತ್ರೆ’. ಆದರೆ ನಡೆದಾಗ ಮೀನಖಂಡ ಹಿಡಿದು, ನಿಂತಾಗ ಬಿಡುವ ನೋವು ಸಾಮಾನ್ಯವಾಗಿ ಅಪಧಮನಿಯ ದೂರು. ಕಾಲಿಗೆ ರಕ್ತ ಸಾಲುತ್ತಿಲ್ಲ ಎಂದರ್ಥ. ರಾತ್ರಿ ಮಲಗಿದಾಗ ಪಾದ ಉರಿಯುವುದು, ಜುಮುಗುಡುವುದು ನಿಜವಾದ ನರದ್ದು. ಎರಡೂ ಒಬ್ಬರಲ್ಲೇ ಇರಬಹುದು. ಆಗ ನರ ಮಂದವಾಗಿ ಅಪಧಮನಿಯ ನೋವೇ ತಿಳಿಯದೆ ಹೋಗಬಹುದು.

ಇನ್ನು ತೂಕ. ‘ತೆಳ್ಳಗಿದ್ದಾರೆ, ಏನೂ ಆಗಲ್ಲ’ ಎಂಬ ಸಮಾಧಾನ ನಮ್ಮ ಮನೆಗಳಲ್ಲಿ ಗಟ್ಟಿ. ಪುಣೆಯ ವೈದ್ಯ ಯಾಜ್ಞಿಕ್ ಮತ್ತು ಲಂಡನ್ನಿನ ಯುಡ್ಕಿನ್ 2004ರಲ್ಲಿ ತಮ್ಮದೇ ಚಿತ್ರ ಪ್ರಕಟಿಸಿದರು. ಇಬ್ಬರ ಬಿಎಂಐ 22.3, ಕೊಬ್ಬು ಮಾತ್ರ ಯುಡ್ಕಿನ್‌ಗೆ ಶೇ. 9.1, ಯಾಜ್ಞಿಕ್‌ಗೆ ಶೇ. 21.2.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 1987–90ರಲ್ಲಿ ಸುತ್ತಲಿನ ಕೆಲವು ಹಳ್ಳಿಗಳಲ್ಲಿ ಗರ್ಭಿಣಿಯರಿಗೂ ಪುಟ್ಟ ಮಕ್ಕಳಿಗೂ ಪೂರಕ ಆಹಾರ ಕೊಟ್ಟಿತು. ಆ ಮಕ್ಕಳು ಹದಿಹರೆಯಕ್ಕೆ ಬಂದಾಗ, ಆಹಾರ ಸಿಗದ ಹಳ್ಳಿಗಳ ಮಕ್ಕಳೊಡನೆ ಹೋಲಿಸಿ ನೋಡಿದರು. ಮೈಯ ಕೊಬ್ಬಿನಲ್ಲಿ ಹೆಚ್ಚು ವ್ಯತ್ಯಾಸವಿರಲಿಲ್ಲ. ಆದರೆ ಆಹಾರ ಸಿಕ್ಕವರ ಅಪಧಮನಿಗಳು ಅಷ್ಟು ಬಿಗಿದಿರಲಿಲ್ಲ. ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ಬಡತನದಲ್ಲಿ ಬೆಳೆದು ಇಂದು ಹಿರಿಯರಾದವರನ್ನು ತಕ್ಕಡಿಯಿಂದಷ್ಟೇ ಅಳೆಯಬಾರದು ಎನ್ನಲು ನನಗೆ ಇದೂ ಒಂದು ಕಾರಣ.

ತೂಕ ಇಳಿಸುವುದು ವ್ಯರ್ಥ ಎನ್ನುತ್ತಿಲ್ಲ. ಸಕ್ಕರೆ, ಮಂಡಿ, ನಿದ್ದೆಗೆ ಅದರಿಂದ ಲಾಭವಿದೆ. ಆದರೆ ಅಮೆರಿಕದಲ್ಲಿ 5,145 ಮಧುಮೇಹಿಗಳ ಮೇಲೆ ನಡೆದ ‘ಲುಕ್ ಅಹೆಡ್’ ಪ್ರಯೋಗದಲ್ಲಿ ತೂಕ ಇಳಿದರೂ ಹೃದಯಾಘಾತ, ಪಾರ್ಶ್ವವಾಯು ಕಡಿಮೆಯಾಗಲಿಲ್ಲ. 2012ರಲ್ಲಿ ಅದನ್ನು ನಿಲ್ಲಿಸಿದರು. ಎಪ್ಪತ್ತರಲ್ಲಿ ತಾನಾಗಿ ಇಳಿದ ತೂಕವಂತೂ ಸ್ನಾಯು ಕರಗಿದ್ದಿರಬಹುದು. ‘ಸಣ್ಣಗಾಗಿದ್ದೀರಿ, ಒಳ್ಳೇದಾಯ್ತು’ ಎನ್ನುವ ಮೊದಲು ಕುರ್ಚಿಯಿಂದ ಕೈಯೂರದೆ ಏಳುತ್ತಾರೆಯೇ ನೋಡಿ.

ಹಾಗಾದರೆ ಏನು ಕೇಳಬೇಕು? ಸೊಂಟದ ಸುತ್ತಳತೆ: ಭಾರತೀಯ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮಿತಿ. ಪಾದದ ನಾಡಿ: ವೈದ್ಯರು ಮುಟ್ಟಿ ನೋಡಲು ಒಂದು ನಿಮಿಷ ಸಾಕು. ಹಿಮ್ಮಡಿಗಂಟಿನ ರಕ್ತದೊತ್ತಡವನ್ನು ತೋಳಿನದರಿಂದ ಭಾಗಿಸಿದಾಗ 0.9 ಅಥವಾ ಕಡಿಮೆ ಬಂದರೆ ಅಪಧಮನಿ ಕಿರಿದಾಗಿದೆ. 1.4 ದಾಟಿದರೂ ನೆಮ್ಮದಿ ಬೇಡ. ಸಕ್ಕರೆ ಕಾಯಿಲೆಯಲ್ಲಿ ಸುಣ್ಣಗಟ್ಟಿ ಗಡುಸಾದ ಅಪಧಮನಿ ಹಾಗೆ ತೋರಿಸುತ್ತದೆ.

‘ಅಪಧಮನಿ’ ಪಠ್ಯಪುಸ್ತಕದ ಪದ, ಅಜ್ಜಿಯ ಬಾಯಿಗೆ ಹತ್ತದು. ‘ರಕ್ತದ ಕೊಳವೆ’ ಎಂದರೂ ಸಾಕು. ನರ ಬೇರೆ, ಕೊಳವೆ ಬೇರೆ ಎಂದು ಮನೆಮಾತಿನಲ್ಲಿ ಬಿಡಿಸಿ ಹೇಳಲು ಬಂದರೆ, ವೈದ್ಯರ ಮುಂದೆ ಸರಿಯಾದ ಕಾಲಕ್ಕೆ ಸರಿಯಾದ ದೂರು ಹೇಳಲೂ ಬರುತ್ತದೆ. ಕಾಲು ಉಳಿಯುವುದು ಎಷ್ಟೋ ಸಲ ಅಷ್ಟರ ಮೇಲೆ.