ದೇವರ ಜೊತೆಗೂ ಸ್ಟ್ರೀಕ್ ಬೇಕಾ?

ನೀವು ಇದನ್ನು ಓದುವ ಬದಲು ಕೇಳುತ್ತಿದ್ದರೆ, ಬಹುಶಃ ಕಾರಿನಲ್ಲಿದ್ದೀರಿ. ಆಸ್ಟಿನ್‌ನವರಾದರೆ ಐ-35ರ ಮೇಲೆ, ರೌಂಡ್ ರಾಕ್ ಹತ್ತಿರ ಎಲ್ಲೋ ಸಿಕ್ಕಿಹಾಕಿಕೊಂಡಿದ್ದೀರಿ. ನಮ್ಮ ಹಾಗೆ ಕ್ರೈಸ್ತ ಮನೆಯವರಾಗಿದ್ದರೆ, ಬೆಳಿಗ್ಗೆ ಹದಿನೈದು ನಿಮಿಷದ ‘ಕ್ವೈಟ್ ಟೈಮ್’ ಮುಗಿಸಿ ಬಂದಿದ್ದೀರಿ. ಫೋನಿನಲ್ಲಿರುವ ಬೈಬಲ್ ಆ್ಯಪ್ ಒಂದು ಟಿಕ್ ಹಾಕಿದೆ. ಇವತ್ತು ನನ್ನ ಜಗಳ ಆ ಟಿಕ್ ಜೊತೆ.

ಆ ಟಿಕ್ ಹೇಗೆ ಕೆಲಸ ಮಾಡುತ್ತೆ ಅಂತ ನನಗೆ ಚೆನ್ನಾಗಿ ಗೊತ್ತು. ಅದೇ ನನ್ನ ಹೊಟ್ಟೆಪಾಡು. ಇವತ್ತು ಬಂದವರು ನಾಳೆಯೂ ಬರುತ್ತಾರಾ, ಬರದಿದ್ದರೆ ಏನು ತೋರಿಸಿದರೆ ಬರುತ್ತಾರೆ ಅಂತ ಲೆಕ್ಕ ಹಾಕುವ ಕೆಲಸಕ್ಕೆ ನನಗೆ ಸಂಬಳ ಕೊಡುತ್ತಾರೆ. ಸ್ಟ್ರೀಕ್ ಅಂದರೆ ಒಂದು ದಿನವೂ ಬಿಡದೆ ಎಷ್ಟು ದಿನ ಬಂದಿರಿ ಅನ್ನುವ ಎಣಿಕೆ. ಅದು ಜನರನ್ನು ಎಳೆದು ತರುವುದು ಪ್ರೀತಿಯಿಂದಲ್ಲ, ಕಳೆದುಕೊಳ್ಳುವ ಭಯದಿಂದ. ಗಳಿಸಿದ ಖುಷಿಗಿಂತ ಕಳೆದುಕೊಂಡ ನೋವು ಹೆಚ್ಚು ಕಾಡುತ್ತದೆ ಅಂತ ಡ್ಯಾನಿಯಲ್ ಕಾನೆಮನ್ ಮತ್ತು ಏಮಸ್ ಟ್ವರ್ಸ್ಕಿ 1979ರಲ್ಲೇ ಬರೆದರು. ನಮ್ಮ ಉದ್ಯಮ ಅದನ್ನು ಬಹಳ ಶ್ರದ್ಧೆಯಿಂದ ಓದಿಕೊಂಡಿದೆ.

ಸರಿ, ಭಾಷೆ ಕಲಿಯೋಕೆ, ವ್ಯಾಯಾಮಕ್ಕೆ ಇದನ್ನು ಬಳಸಿಕೊಳ್ಳಿ. ಆದರೆ ದೇವರ ಮುಂದೆ ಕೂರುವುದಕ್ಕೆ? ನಾನು ಹೇಳುವುದು ಇಷ್ಟು: ಎಣಿಸಿಕೊಂಡು ಕೂತ ಏಕಾಂತ ಏಕಾಂತವೇ ಅಲ್ಲ, ಅದರಿಂದ ಕ್ರೈಸ್ತ ನೆಮ್ಮದಿ ಹುಟ್ಟುವುದೂ ಇಲ್ಲ. ಹುಟ್ಟುವುದು ಇನ್ನೊಂದು ಆತಂಕ.

ಇದು ನನಗೆ ಪುಸ್ತಕ ಓದಿ ಗೊತ್ತಾದದ್ದಲ್ಲ. 2023ರಲ್ಲಿ ಆಸ್ಟಿನ್‌ನಲ್ಲಿ ನನ್ನ ಕೆಲಸ ಹೋಯಿತು. ಎಚ್-1ಬಿ ವೀಸಾದವರಿಗೆ ಆಮೇಲೆ ಸಿಗುವುದು ಹೆಚ್ಚೆಂದರೆ 60 ದಿನ. ಅಷ್ಟರೊಳಗೆ ಹೊಸ ಕೆಲಸವೋ, ಬೇರೆ ವೀಸಾವೋ, ಇಲ್ಲವಾದರೆ ಸೂಟ್‌ಕೇಸು. ಆ ರಾತ್ರಿ ಹನ್ನೆರಡೂವರೆಗೆ ಫೋನ್ ನೋಡಿದರೆ ನನ್ನ 412 ದಿನದ ಸ್ಟ್ರೀಕ್ ಮುರಿದಿತ್ತು. ಹೇಳೋಕೆ ನಾಚಿಕೆಯಾಗುತ್ತೆ, ನಾನು ಅತ್ತದ್ದು ಆಗ. ಕೆಲಸ ಹೋದಾಗ ಅಳು ಬಂದಿರಲಿಲ್ಲ. 412 ದಿನ ನಾನು ಯಾರ ಹತ್ತಿರ ಕೂತಿದ್ದೆ ಅಂತ ಯೋಚನೆ ಶುರುವಾದದ್ದು ಅವತ್ತು.

ನಮ್ಮ ಅಜ್ಜಿಯ ಹತ್ತಿರ ಇಂಥ ಲೆಕ್ಕ ಇರಲಿಲ್ಲ. ಅವರ ಅಪ್ಪ ಮಂಗಳೂರಿನ ಬಾಸೆಲ್ ಮಿಶನ್ ಹೆಂಚಿನ ಕಾರ್ಖಾನೆಯಲ್ಲಿ ದುಡಿದವರು. ಮಿಶನ್‌ನವರು 1865ರಲ್ಲಿ ಶುರು ಮಾಡಿದ ಕೆಲಸ ಅದು, ನಮ್ಮಂಥ ಎಷ್ಟೋ ಮನೆಗಳು ಅದರ ಅನ್ನ ತಿಂದಿವೆ. ಅಜ್ಜಿ ಬೆಳಗಿನ ಜಾವ ಒಲೆ ಹಚ್ಚಿ, ಕುಚ್ಚಲಕ್ಕಿ ಗಂಜಿಗೆ ಇಟ್ಟು, ಅದು ಬೇಯುವ ತನಕ ಮಣೆ ಮೇಲೆ ಕೂತಿರುತ್ತಿದ್ದರು. ಕುಚ್ಚಲಕ್ಕಿ ಬೇಯೋಕೆ ಮುಕ್ಕಾಲು ಗಂಟೆಯಾದರೂ ಬೇಕು. ಸತ್ಯವೇದ ತೊಡೆ ಮೇಲಿರುತ್ತಿತ್ತು, ಎಷ್ಟೋ ದಿನ ತೆರೆಯುತ್ತಲೇ ಇರಲಿಲ್ಲ. “ಎಂತ ಮಾಡ್ತಾ ಇದ್ದೀರಿ ಅಜ್ಜಿ?” ಅಂತ ಕೇಳಿದರೆ, “ಎಂತ ಇಲ್ಲ ಮಗಾ, ಸುಮ್ಮನೆ ಕೂತದ್ದು” ಅನ್ನುತ್ತಿದ್ದರು. ಪ್ರಾರ್ಥನೆ ಮಾಡ್ತಿದ್ದೇನೆ ಅಂತ ಕೂಡ ಹೇಳುತ್ತಿರಲಿಲ್ಲ.

ಇಲ್ಲೇ ಹುಟ್ಟಿ ಬೆಳೆದು ಕನ್ನಡ ಕಲಿಯುತ್ತಿರುವವರಿಗೆ ಒಂದು ಮಾತು. ಒಂಟಿತನ ಬೇರೆ, ಏಕಾಂತ ಬೇರೆ. ಒಂಟಿತನ ತಾನಾಗಿ ಬಂದು ಬೀಳುತ್ತದೆ. ಏಕಾಂತ ನಾವೇ ಹುಡುಕಿಕೊಂಡು ಹೋಗುವಂಥದ್ದು. ಇಬ್ಬರು ಗುಟ್ಟಾಗಿ ಮಾತಾಡಿದರೂ ಕನ್ನಡದಲ್ಲಿ ಅದನ್ನು ಏಕಾಂತ ಅಂತಾರೆ. ಅಕ್ಕಮಹಾದೇವಿ ಶ್ರೀಶೈಲದ ಕದಳಿಗೆ ಹೋದದ್ದು ಒಂಟಿಯಾಗೋಕೆ ಅಲ್ಲ.

ಈಗ ಪೌಲನ ವಿಷಯ. ಟೆಕ್ಸಸ್‌ನಲ್ಲಿದ್ದೀರಿ ಅಂದರೆ ಫಿಲಿಪ್ಪಿಯವರಿಗೆ ಬರೆದ ಪತ್ರದ 4:13 ಟೀಶರ್ಟ್ ಮೇಲೆ, ಟ್ರಕ್ಕಿನ ಹಿಂದೆ, ಜಿಮ್ಮಿನ ಗೋಡೆ ಮೇಲೆ ನೋಡಿಯೇ ಇರುತ್ತೀರಿ. ಟಿಮ್ ಟೀಬೋ ಕಾಲೇಜು ಫುಟ್‌ಬಾಲ್ ಆಡುವಾಗ ಅದನ್ನು ಕಣ್ಣಿನ ಕೆಳಗೆ ಬರೆದುಕೊಳ್ಳುತ್ತಿದ್ದರು. ಎಲ್ಲರೂ ಅದನ್ನು ಗೆಲುವಿನ ವಾಕ್ಯ ಅಂದುಕೊಂಡಿದ್ದಾರೆ. ಅದರ ಹಿಂದಿನ ಎರಡು ವಾಕ್ಯ ಓದಿ. ಬೇಡಿಗಳಲ್ಲಿದ್ದ ಮನುಷ್ಯ ಬರೆದ ಪತ್ರ ಅದು. ಹೊಟ್ಟೆ ತುಂಬಿದಾಗ ಹೇಗಿರಬೇಕು, ಹಸಿದಾಗ ಹೇಗಿರಬೇಕು ಅನ್ನುವುದರ ಬಗ್ಗೆ ಬರೆದದ್ದು. ಅದನ್ನು ‘ಕಲಿತಿದ್ದೇನೆ’ ಅನ್ನುತ್ತಾನೆ, ಸಿಕ್ಕಿತು ಅನ್ನುವುದಿಲ್ಲ. ನೆಮ್ಮದಿಗೆ ಬಳಸುವ ಗ್ರೀಕ್ ಪದ ‘ಔತಾರ್ಕೇಸ್’, ತನ್ನಲ್ಲೇ ಸಾಕಷ್ಟು ಉಳ್ಳವನು ಅಂತ. ಸ್ಟೋಯಿಕ್ ತತ್ತ್ವಜ್ಞಾನಿಗಳಿಗೆ ಪ್ರಿಯವಾದ ಪದ. ಪೌಲ ಅವರ ಪದವನ್ನು ಎತ್ತಿಕೊಂಡು ತಲೆಕೆಳಗು ಮಾಡುತ್ತಾನೆ: ಈ ‘ಸಾಕು’ ನನ್ನೊಳಗಿಂದ ಬಂದದ್ದಲ್ಲ, ಇನ್ನೊಬ್ಬನ ಬಲದಿಂದ ಬಂದದ್ದು ಅಂತ.

ಇಲ್ಲಿ ನನ್ನ ಮೇಲೆ ಬರುವ ಆಕ್ಷೇಪ ಗೊತ್ತು, ಅದು ನ್ಯಾಯವಾದದ್ದೇ. ‘ತೃಪ್ತರಾಗಿರಿ’ ಅಂತ ಹೇಳುವವರು ಬಹಳ ಸಲ ಹೇಳುವುದು ‘ಬಾಯಿ ಮುಚ್ಚಿಕೊಂಡಿರಿ’ ಅಂತ. ವರ್ಷಗಟ್ಟಲೆ ಗ್ರೀನ್ ಕಾರ್ಡ್ ಸಾಲಿನಲ್ಲಿ ನಿಂತವರಿಗೆ ಅದನ್ನು ಉಪದೇಶ ಮಾಡುವುದು ಕ್ರೌರ್ಯ. ಆದರೆ ಅದೇ ಪೌಲ, ಅದೇ ಫಿಲಿಪ್ಪಿ ಊರಿನಲ್ಲಿ ಏನು ಮಾಡಿದ ಅಂತ ಅಪೊಸ್ತಲರ ಕೃತ್ಯಗಳು 16ರಲ್ಲಿದೆ. ವಿಚಾರಣೆಯಿಲ್ಲದೆ ಹೊಡೆದು ಜೈಲಿಗೆ ಹಾಕಿದ ಅಧಿಕಾರಿಗಳು ಮರುದಿನ ಸದ್ದಿಲ್ಲದೆ ಬಿಡೋಕೆ ಹೊರಟಾಗ, ತಾನು ರೋಮ್‌ನ ಪ್ರಜೆ, ಅವರೇ ಬಂದು ಕರೆದುಕೊಂಡು ಹೋಗಲಿ ಅಂದ. ಬಂದರು, ಕ್ಷಮೆಯನ್ನೂ ಕೇಳಿಕೊಂಡರು. ನಮ್ಮ ಹತ್ತಿರ ಆ ಪೌರತ್ವ ಇಲ್ಲ ಅನ್ನುವುದು ಬೇರೆ ಮಾತು! ಇನ್ನೊಂದು, ಆ ಪತ್ರ ಬರೆದದ್ದೇ ಅವರು ಕಳಿಸಿದ ಸಹಾಯ ತಲುಪಿತು ಅಂತ ತಿಳಿಸೋಕೆ. ನೆಮ್ಮದಿಯಿದ್ದವನು ಹಕ್ಕು ಕೇಳಬಾರದು, ನೆರವು ತೆಗೆದುಕೊಳ್ಳಬಾರದು ಅಂತ ಎಲ್ಲೂ ಇಲ್ಲ.

ನನ್ನ 60 ದಿನಗಳಲ್ಲಿ ಒಂದು ದಿನ ಸಂದರ್ಶನಕ್ಕೆ ಹ್ಯೂಸ್ಟನ್‌ಗೆ ಹೋದೆ. ಚೆನ್ನಾಗಿ ಆಗಲಿಲ್ಲ. ಅಲ್ಲಿ ಸೌತ್‌ವೆಸ್ಟ್ ಫ್ರೀವೇ ಪಕ್ಕದಲ್ಲಿ ಲೇಕ್‌ವುಡ್ ಚರ್ಚ್ ಇದೆ. ಹಿಂದೆ ರಾಕೆಟ್ಸ್ ತಂಡ ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದ ಕ್ರೀಡಾಂಗಣ, 2005ರಿಂದ ಆರಾಧನಾ ಸ್ಥಳ, ಸುಮಾರು 16,000 ಆಸನ. ಅಲ್ಲಿಂದ ಕೆಲವೇ ಮೈಲಿ ದೂರದಲ್ಲಿ ರಾಥ್ಕೊ ಚಾಪೆಲ್. 1971ರಲ್ಲಿ ತೆರೆದ ಎಂಟು ಮೂಲೆಯ ಕೋಣೆ, ಗೋಡೆಗಳ ಮೇಲೆ ಮಾರ್ಕ್ ರಾಥ್ಕೊನ 14 ಕಡುಬಣ್ಣದ ಚಿತ್ರಗಳು, ಕೂರೋಕೆ ಬೆಂಚು. ಯಾವ ಧರ್ಮದವರಾದರೂ ಬರಬಹುದು, ಟಿಕೆಟ್ ಇಲ್ಲ. ಶಿಲುಬೆಯೂ ಇಲ್ಲ. ಹಾಡಿಲ್ಲ, ಉಪದೇಶವಿಲ್ಲ. ಮೊದಲ ಹತ್ತು ನಿಮಿಷ ಜೇಬಿನಲ್ಲಿ ಫೋನ್ ಅದುರಿದ ಹಾಗೆ ಸುಮ್ಮಸುಮ್ಮನೆ ಭಾಸವಾಗುತ್ತಿತ್ತು. ಚಿತ್ರಗಳು ಬರೀ ಕಪ್ಪಾಗಿ ಕಂಡವು. ಆಮೇಲೆ ಕಣ್ಣು ಹೊಂದಿಕೊಂಡಿತು, ಕಪ್ಪಿನೊಳಗೆ ನೇರಳೆ ಇತ್ತು. ಎಷ್ಟು ಹೊತ್ತು ಕೂತೆನೋ ಗೊತ್ತಿಲ್ಲ. ಹೊರಗೆ ಬಂದು ಕಾರಿನ ಬಾಗಿಲು ತೆಗೆಯುವಾಗ ಹೊಳೆಯಿತು: ಕೆಲಸ ಕೊಡು ಅಂತ ಕೇಳುವುದನ್ನೇ ಮರೆತಿದ್ದೆ. ವಾರಗಳಿಂದ ಅದೊಂದನ್ನೇ ಕೇಳುತ್ತಿದ್ದವನು!

ಭಯ ಹೋಯಿತಾ? ಇಲ್ಲ. ಆ ರಾತ್ರಿಯೂ ವೀಸಾ ದಿನಗಳನ್ನು ಲೆಕ್ಕ ಹಾಕಿದೆ. ಆದರೆ ಭಯದ ಪಕ್ಕದಲ್ಲಿ ಇನ್ನೊಂದು ಏನೋ ಕೂತಿತ್ತು. ಅದಕ್ಕೆ ಅಜ್ಜಿಯ ‘ಎಂತ ಇಲ್ಲ’ ಬಿಟ್ಟರೆ ಬೇರೆ ಹೆಸರು ನನಗೆ ಗೊತ್ತಿಲ್ಲ.

53ನೇ ದಿನ ಡಲ್ಲಾಸ್‌ನಲ್ಲಿ ಕೆಲಸ ಸಿಕ್ಕಿತು. ಏಕಾಂತದಲ್ಲಿ ಕೂತದ್ದಕ್ಕೆ ದೇವರು ಕೊಟ್ಟ ಬಹುಮಾನ ಅಂತ ದಯವಿಟ್ಟು ಹೇಳಬೇಡಿ. ನನಗಿಂತ ಹೆಚ್ಚು ಪ್ರಾರ್ಥಿಸಿದ ಗೆಳೆಯನೊಬ್ಬ ಹಾಸನಕ್ಕೆ ವಾಪಸ್ ಹೋದ.

ಈಗ ಇರ್ವಿಂಗ್‌ನಲ್ಲಿದ್ದೇನೆ. ಇಲ್ಲಿಯ ನಮ್ಮ ಪ್ರಾರ್ಥನಾ ಕೂಟದಲ್ಲಿ ಒಳ್ಳೆಯ ಜನ, ಒಳ್ಳೆಯ ಕೋರಿ ರೊಟ್ಟಿ. ಶುಕ್ರವಾರ ಜೂಮ್, ಶನಿವಾರ ಕೂಟ, ಭಾನುವಾರ ಆರಾಧನೆ, ಮಧ್ಯದಲ್ಲಿ ಮಕ್ಕಳ ಬೈಬಲ್ ಕ್ವಿಜ್, ಜೊತೆಗೆ ವಾಟ್ಸ್ಆ್ಯಪ್‌ನಲ್ಲಿ ನೂರು ದಿನದ ಕ್ವೈಟ್ ಟೈಮ್ ಚಾಲೆಂಜ್. ಮುಗಿಸಿದವರು ದಿನಾ ಹೆಬ್ಬೆಟ್ಟು ಒತ್ತಬೇಕು. ಮಾರ್ಕನ ಮೊದಲ ಅಧ್ಯಾಯದಲ್ಲಿ ಊರಿಗೆ ಊರೇ ಬಾಗಿಲಿಗೆ ಬಂದ ಮರುದಿನ ಯೇಸು ಕತ್ತಲಿರುವಾಗಲೇ ಎದ್ದು ನಿರ್ಜನ ಸ್ಥಳಕ್ಕೆ ಹೋಗುತ್ತಾನೆ. ಎಲ್ಲರೂ ನಿನ್ನನ್ನೇ ಹುಡುಕುತ್ತಿದ್ದಾರೆ ಅಂತ ಶಿಷ್ಯರು ಬಂದು ಹೇಳಿದರೆ, ಬೇರೆ ಊರಿಗೆ ಹೋಗೋಣ ಅನ್ನುತ್ತಾನೆ. ನನ್ನ ಕಸುಬಿನ ಪ್ರಕಾರ ಅದು ಶುದ್ಧ ದಡ್ಡತನ. ಗ್ರಾಫ್ ಮೇಲೇರುತ್ತಿರುವಾಗ ಯಾರಾದರೂ ಎದ್ದು ಹೋಗುತ್ತಾರಾ?

ಪುಟ್ಟ ಮಕ್ಕಳಿರುವ ತಾಯಂದಿರು ಕೇಳುತ್ತಾರೆ, ಏಕಾಂತ ಎಲ್ಲಿಂದ ತರೋಣ ಅಂತ. ಸರಿಯಾದ ಪ್ರಶ್ನೆ. ಉತ್ತರ ಅವರು ಕೊಡಬೇಕಾದದ್ದಲ್ಲ, ಮನೆಯ ಗಂಡಸರು ಕೊಡಬೇಕಾದದ್ದು: ಆ ಹೊತ್ತು ಮಗುವನ್ನು ನೀವು ಎತ್ತಿಕೊಳ್ಳಿ.

ಕಳೆದ ತಿಂಗಳು ಕೂಟದಲ್ಲಿ ಒಂದು ಬೇಡಿಕೆ ಇಟ್ಟೆ. ಎರಡೂವರೆ ಗಂಟೆಯಲ್ಲಿ ಇಪ್ಪತ್ತು ನಿಮಿಷ ಯಾರೂ ಮಾತಾಡುವುದು ಬೇಡ, ಹಾಡೂ ಬೇಡ, ಫೋನುಗಳು ಬುಟ್ಟಿಯಲ್ಲಿರಲಿ. ಚಾಲೆಂಜ್ ನಿಲ್ಲಿಸೋಣ. ಮಕ್ಕಳಿಗೆ ಬೋರಾಗುತ್ತೆ ಅಂದರು, ದೊಡ್ಡವರೇ. ಮಕ್ಕಳನ್ನು ಯಾರೂ ಕೇಳಲಿಲ್ಲ. ಬರುವ ಶನಿವಾರ ಮತ್ತೆ ಕೇಳುತ್ತೇನೆ. ಇರ್ವಿಂಗ್ ಕಡೆಯವರು ಇದನ್ನು ಓದುತ್ತಿದ್ದರೆ, ಅವತ್ತು ಕೈ ಎತ್ತಿ.