ದುಡ್ಡು ಕೊಟ್ಟವನ ಕೈಗೇ ಕೋಳ!

ಅಂಗಡಿಗೆ ಕಳ್ಳ ನುಗ್ಗಿದನೆಂದು ಸಾಹುಕಾರನೊಬ್ಬ ಗಿರಾಕಿಗಳ ಕೈಕಾಲು ಕಟ್ಟಿಹಾಕಿದರೆ ಏನೆನ್ನುತ್ತೀರಿ? ತಲೆ ಕೆಟ್ಟಿದೆ ಎನ್ನುತ್ತೀರಿ. ವಿಡಿಯೋ ಗೇಮ್ ಮಾರುವ ದೊಡ್ಡ ಕಂಪನಿಗಳು ವರ್ಷಗಳಿಂದ ಮಾಡುತ್ತಿರುವುದು ಇದನ್ನೇ! ನಕಲು ತಡೆಯುತ್ತೇವೆಂದು ಅವರು ಜಡಿಯುವ ಬೀಗ ಕಳ್ಳನಿಗೆ ತಟ್ಟುವುದಿಲ್ಲ. ತಟ್ಟುವುದು ಕಾಸು ಎಣಿಸಿ ಕೊಟ್ಟವನಿಗೆ.

ಪುರಾವೆ ಬೇಕೆ? 2008ರಲ್ಲಿ ಅಮೆರಿಕದ ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪನಿ ‘ಸ್ಪೋರ್’ ಎಂಬ ಗೇಮ್ ಬಿಟ್ಟಿತು. ಒಳಗೆ ‘ಸೆಕ್ಯುರಾಮ್’ ಎಂಬ ಬೀಗ. ಕೊಂಡವನು ಮೂರೇ ಕಂಪ್ಯೂಟರುಗಳಲ್ಲಿ ಅದನ್ನು ಚಾಲೂ ಮಾಡಬಹುದು. ನಾಲ್ಕನೆಯದಕ್ಕೆ ಕಂಪನಿಯ ಮುಂದೆ ಕೈಯೊಡ್ಡಬೇಕು. ಕಳ್ಳರು? ಆ ಗೇಮ್ ಅಮೆರಿಕದ ಅಂಗಡಿಗಳಿಗೆ ಬರುವ ಮೊದಲೇ ಬೀಗ ಒಡೆದ ಪ್ರತಿ ಇಂಟರ್‌ನೆಟ್ಟಿನಲ್ಲಿ ಬಿಟ್ಟಿಯಾಗಿ ಹರಿದಾಡಿತು! ರೊಚ್ಚಿಗೆದ್ದ ಗಿರಾಕಿಗಳು ಅಮೆಜಾನ್‌ನಲ್ಲಿ ಸಾವಿರಗಟ್ಟಲೆ ಒಂದೊಂದೇ ಸ್ಟಾರ್ ಕೊಟ್ಟು ಛೀಮಾರಿ ಹಾಕಿದ ಮೇಲೆ ಕಂಪನಿ ಮೂರನ್ನು ಐದು ಮಾಡಿತು. ಆಹಾ, ಎಂಥ ಔದಾರ್ಯ!

2010ರಲ್ಲಿ ಫ್ರಾನ್ಸಿನ ಯೂಬಿಸಾಫ್ಟ್ ಸರದಿ. ‘ಅಸಾಸಿನ್ಸ್ ಕ್ರೀಡ್ 2’ ಒಬ್ಬನೇ ಕೂತು ಆಡುವ ಆಟ. ಆದರೂ ಕಂಪ್ಯೂಟರಿನಲ್ಲಿ ಆಡುವಷ್ಟು ಹೊತ್ತೂ ಇಂಟರ್‌ನೆಟ್ ಇರಲೇಬೇಕೆಂದು ಅಪ್ಪಣೆಯಾಯಿತು. ಆ ಮಾರ್ಚ್‌ನಲ್ಲಿ ಯಾರೋ ಕಂಪನಿಯ ಸರ್ವರ್‌ಗಳ ಮೇಲೆ ದಾಳಿ ಮಾಡಿದರು. ಕೊಂಡವರು ಬಾಗಿಲಾಚೆ ನಿಂತರು. 2013ರಲ್ಲಿ ‘ಸಿಮ್‌ಸಿಟಿ’ಯದೂ ಅದೇ ಪಾಡು. ಸರ್ವರ್ ಕುಸಿದು ಗಿರಾಕಿಗಳು ಸಾಲಿನಲ್ಲಿ ಕಾದರು. ಇಂಟರ್‌ನೆಟ್ ಇಲ್ಲದೆ ಈ ಆಟ ನಡೆಸುವುದು ಸುಲಭವಲ್ಲ ಎಂದಿದ್ದ ಕಂಪನಿಯೇ ಮರುವರ್ಷ ಇಂಟರ್‌ನೆಟ್ ಇಲ್ಲದೆ ಆಡುವ ದಾರಿ ಕೊಟ್ಟಿತು!

ಇದಕ್ಕಿಂತ ಘೋರ ಇನ್ನೊಂದಿದೆ. ಯೂಬಿಸಾಫ್ಟ್ 2014ರಲ್ಲಿ ‘ದಿ ಕ್ರೂ’ ಎಂಬ ಕಾರ್ ರೇಸ್ ಗೇಮ್ ಮಾರಿತು. ಅದಕ್ಕೂ ಸದಾ ಸರ್ವರಿನ ನಂಟು ಬೇಕಿತ್ತು. 2024ರ ಮಾರ್ಚ್ 31ರಂದು ಕಂಪನಿ ಆ ಸರ್ವರ್ ಮುಚ್ಚಿತು. ಅಲ್ಲಿಗೆ ಆಟ ಖತಂ. ಡಿಸ್ಕ್ ಕೈಯಲ್ಲೇ ಇದೆ, ರಸೀದಿಯೂ ಇದೆ, ಒಬ್ಬನೇ ಆಡೋಣವೆಂದರೂ ಆಟವಿಲ್ಲ!

ಹಾಗಾದರೆ ನಕಲು ಮಾಡುವವರು ಸಾಚಾಗಳೇ? ಖಂಡಿತ ಅಲ್ಲ. ರಾತ್ರಿ ಹಗಲು ಕೂತು ಕೋಡ್ ಬರೆದವರ ಬೆವರಿಗೆ ಬೆಲೆ ಸಿಗಲೇಬೇಕು. ಆದರೆ ಬೀಗವಿಲ್ಲದಿದ್ದರೆ ವ್ಯಾಪಾರವೇ ಮುಳುಗುತ್ತದೆ ಎಂಬ ಗೋಳಾಟ ಮಾತ್ರ ಬೊಗಳೆ. ಪೋಲೆಂಡಿನ ಸಿಡಿ ಪ್ರಾಜೆಕ್ಟ್ 2015ರಲ್ಲಿ ‘ವಿಚರ್ 3’ ಗೇಮನ್ನು ತನ್ನ ಆನ್‌ಲೈನ್ ಅಂಗಡಿಯಲ್ಲಿ ಬೀಗವಿಲ್ಲದೆಯೇ ಮಾರಾಟಕ್ಕಿಟ್ಟಿತು. 2023ರ ಹೊತ್ತಿಗೆ ಎಲ್ಲ ಯಂತ್ರಗಳೂ ಸೇರಿ ಆ ಗೇಮಿನ 5 ಕೋಟಿ ಪ್ರತಿ ಖರ್ಚಾಗಿದ್ದವು. ಗಿರಾಕಿಯನ್ನು ನಂಬಿದವನು ಬೀದಿಗೆ ಬೀಳಲಿಲ್ಲ.

ಇನ್ನು ನಮ್ಮ ಕಾನೂನು. 2012ರಲ್ಲಿ ಭಾರತದ ಕಾಪಿರೈಟ್ ಕಾಯ್ದೆಗೆ 65ಎ ಕಲಂ ಸೇರಿತು. ಹಕ್ಕು ಕದಿಯುವ ಉದ್ದೇಶದಿಂದ ಇಂಥ ಬೀಗ ಒಡೆದವನಿಗೆ ಎರಡು ವರ್ಷದವರೆಗೆ ಜೈಲು, ಜೊತೆಗೆ ದಂಡ. ಸರಿ, ಒಪ್ಪೋಣ. ಆದರೆ ಕಾಸು ಕೊಟ್ಟವನನ್ನು ಅದೇ ಬೀಗ ಹಾಕಿ ಹೊರಗೆ ನಿಲ್ಲಿಸಿದ ಕಂಪನಿಗೆ? ಆ ಕಲಮಿನಲ್ಲಿ ಒಂದು ಸಾಲೂ ಇಲ್ಲ! ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ ಒಂದು ಕಾನೂನಿದೆ. ಕಂಪನಿ ಹಿಂದಕ್ಕೆ ಕಿತ್ತುಕೊಳ್ಳಬಹುದಾದ ಡಿಜಿಟಲ್ ಸರಕನ್ನು ‘ಕೊಳ್ಳಿ’ ಎಂದು ಮಾರುವಾಗ, ಸಿಗುವುದು ಬರೀ ಪರವಾನಗಿ ಎಂದು ಗಿರಾಕಿಗೆ ಸ್ಪಷ್ಟವಾಗಿ ಹೇಳಲೇಬೇಕು. ನಮ್ಮಲ್ಲೂ ಇಷ್ಟಾದರೂ ಬೇಡವೇ?

ಗೆಳೆಯರೇ, ಕೇಳಬೇಕಾದದ್ದು ಎರಡೇ ಮಾತು. ಬೀಗದ ಷರತ್ತನ್ನು ಕಾಸು ತೆಗೆದುಕೊಳ್ಳುವ ಮೊದಲೇ ದಪ್ಪಕ್ಷರದಲ್ಲಿ ಹೇಳಿ. ಸರ್ವರ್ ಮುಚ್ಚುವ ದಿನ ಬೀಗ ತೆಗೆದು ಹೋಗಿ. ಮೂರು ಐದಾದದ್ದು ಗಿರಾಕಿಗಳು ಗದ್ದಲ ಎಬ್ಬಿಸಿದ್ದರಿಂದ, ಸುಮ್ಮನೆ ಕೂತದ್ದರಿಂದಲ್ಲ. ಮನೆ ಮಾರಿ, ದುಡ್ಡು ಎಣಿಸಿಕೊಂಡು, ಕೀಲಿಯನ್ನು ತನ್ನ ಜೇಬಿನಲ್ಲೇ ಇಟ್ಟುಕೊಂಡು ಹೋಗುವವನನ್ನು ನಮ್ಮೂರಲ್ಲಿ ಯಾರೂ ವ್ಯಾಪಾರಿ ಎನ್ನುವುದಿಲ್ಲ!