ಗೋಡೆ ಬಿದ್ದರೆ ತೊಲೆಯೂ ಸತ್ತಂತೆಯೇ?

ನಂಜನಗೂಡಿನ ಹಳೇ ಬೀದಿಯಲ್ಲಿ ಒಂದು ತೊಟ್ಟಿ ಮನೆ ಕೆಡವುವುದಕ್ಕೆ ಎಷ್ಟು ಹೊತ್ತು ಬೇಕು? ಜೆಸಿಬಿ ಬಂದರೆ ಅರ್ಧ ದಿನ ಸಾಕು. ತಿಂಡಿ ಹೊತ್ತಿಗೆ ನಿಂತಿದ್ದ ಮನೆ ಊಟದ ಹೊತ್ತಿಗೆ ಮಣ್ಣುಗುಡ್ಡೆ. ಸಂಜೆ ಲಾರಿಯೊಂದು ಬಂದು ಕಂಬ, ತೊಲೆ, ಜಂತೆ, ಬಾಗಿಲು, ದಾರಂದ ಎಲ್ಲವನ್ನೂ ಹೇರಿಕೊಂಡು ಹೊರಟುಹೋಗುತ್ತದೆ. ಮನೆಯವರ ಕೈಯಲ್ಲಿ ಒಂದಿಷ್ಟು ನೋಟು. ಎಲ್ಲರಿಗೂ ಸಂತೋಷ!

ಈ ಸಂತೋಷದಲ್ಲಿ ಎಷ್ಟು ನಷ್ಟ ಅಡಗಿದೆ ಅನ್ನುವುದೇ ಇವತ್ತಿನ ಮಾತು. ಬೇರೆಯವರನ್ನು ಆಡಿಕೊಳ್ಳುವ ಮೊದಲು ನಮ್ಮ ಮನೆಯ ಪೆದ್ದುತನವನ್ನೇ ಹೇಳಿಬಿಡುತ್ತೇನೆ.

ನಮ್ಮದು ತಾತನ ಕಾಲದ ಮನೆ. ಆರು ಕಂಬ, ನಾಲ್ಕು ತೊಲೆ, ಎಲ್ಲಾ ತೇಗ. ಕೆಡವುವ ಗುತ್ತಿಗೆದಾರ ಬಂದು ಒಂದು ಸುತ್ತು ಹಾಕಿದ. "ಹಳೇ ಸೌದೆ ಸ್ವಾಮಿ, ಕೆಡವೋ ಕೂಲಿಗೂ ಮರಕ್ಕೂ ಸರಿಹೋಯ್ತದೆ" ಅಂದ. ಅಪ್ಪ ತಲೆಯಾಡಿಸಿದರು. ನಾನೂ ಆಡಿಸಿದೆ. ಒಬ್ಬರಾದರೂ ಅಳತೆ ಟೇಪು ಹಿಡಿಯಲಿಲ್ಲ. ಆಮೇಲೆ ಹೊಸ ಮನೆಗೆ ದಾರಂದ ಕೊಳ್ಳಲು ಹೋದಾಗ ಬೆವರು ಬಂತು. ಕೊಟ್ಟ ದುಡ್ಡಿಗೆ ಸಿಕ್ಕಿದ್ದು ಹಸಿ ಮರ. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಅದು ತಿರುಚಿಕೊಂಡಿತು. ಈಗಲೂ ರಾತ್ರಿ ಅಮ್ಮ ಬಾಗಿಲಿಗೆ ಭುಜ ಕೊಟ್ಟು ತಳ್ಳಿ ಚಿಲಕ ಹಾಕುತ್ತಾರೆ.

ಲೆಕ್ಕ ನೋಡಿ. ಆರಂಗುಲ ಚೌಕದ ಎಂಟಡಿ ಕಂಬ ಅಂದರೆ 2 ಘನ ಅಡಿ. ಆರು ಕಂಬಕ್ಕೆ 12. ಆರಕ್ಕೆ ಎಂಟು ಅಂಗುಲದ ಹನ್ನೆರಡಡಿ ತೊಲೆ 4 ಘನ ಅಡಿ. ನಾಲ್ಕು ತೊಲೆಗೆ 16. ಒಟ್ಟು 28 ಘನ ಅಡಿ. ಒಳ್ಳೇ ತೇಗ ಇವತ್ತು ಘನ ಅಡಿಗೆ ಸಾವಿರಗಟ್ಟಲೆ ರೂಪಾಯಿ. ನಾನು ಪಿಯುಸಿ ಅರ್ಧಕ್ಕೆ ಬಿಟ್ಟವನು. ಆದರೆ ಈ ಗುಣಾಕಾರಕ್ಕೆ ಪಿಯುಸಿ ಏನೂ ಬೇಕಿರಲಿಲ್ಲ!

ತಿ. ನರಸೀಪುರದಲ್ಲಿ ಪರಿಚಯದ ಆಚಾರ್ರೊಬ್ಬರಿದ್ದಾರೆ. ಅವರ ಮುಂದೆ ಈ ಗೋಳು ತೋಡಿಕೊಂಡೆ. ನಕ್ಕರು. "ಪೇಪರ್‌ನವನೇ, ಹಸಿ ಮರ ಅಂಗುಲ ದಪ್ಪಕ್ಕೆ ಒಂದು ವರ್ಷ ನೆರಳಲ್ಲಿ ಒಣಗಬೇಕು. ನಿಮ್ಮ ತಾತನ ತೊಲೆ ಎಷ್ಟು ವರ್ಷ ಒಣಗಿತ್ತು ಹೇಳು? ಅದು ಸೊಟ್ಟ ಆಗೋದಿದ್ದರೆ ನಿಮ್ಮಪ್ಪ ಹುಟ್ಟೋ ಮೊದಲೇ ಆಗ್ತಿತ್ತು" ಅಂದರು. ಹಳೇ ಕಾಲದ ಮರ ಬಲಿತ ಮರ, ಚೇಗು ಜಾಸ್ತಿ. ಈಗಿನ ಎಳೇ ತೇಗದಲ್ಲಿ ಬಿಳಿ ಭಾಗವೇ ಹೆಚ್ಚು. ಗೆದ್ದಲು ಮೊದಲು ಬಾಯಿ ಹಾಕುವುದೂ ಅದಕ್ಕೇ.

ಹಾಗಂತ ಹಳೆಯದೆಲ್ಲಾ ಹೊನ್ನಲ್ಲ. ಸುತ್ತಿಗೆಯಲ್ಲಿ ತಟ್ಟಿದರೆ ಬೊಳ್ಳೆಂದರೆ ಒಳಗೆ ಪೊಳ್ಳು. ಮಣ್ಣಿನ ಗೋಡೆಯೊಳಗೆ ಹೂತಿದ್ದ ತುದಿ ಮೊದಲು ಕೊಳೆಯುತ್ತದೆ, ನಡುಭಾಗ ಗಟ್ಟಿಯಾಗಿರುತ್ತದೆ. ಎರಡೂ ತುದಿ ಒಂದೊಂದು ಅಡಿ ಕತ್ತರಿಸಿದರೂ ಹನ್ನೆರಡಡಿ ತೊಲೆಯಲ್ಲಿ ಹತ್ತಡಿ ಉಳಿಯಿತು. ಮೊಳೆ ಪೂರಾ ಕೀಳದೆ ಸಾಮಿಲ್ಲಿಗೆ ಕೊಂಡೊಯ್ದರೆ ಗರಗಸದ ಹಲ್ಲು ಹೋಗುತ್ತದೆ, ಮಿಲ್ಲಿನವರು ಬೈಯುತ್ತಾರೆ. ಹಳೇ ಎಣ್ಣೆ ಪೇಂಟಿನಲ್ಲಿ ಸೀಸ ಇರಬಹುದು. ಅಂಥ ಮರವನ್ನು ಒಲೆಗೆ ಹಾಕಬಾರದು, ಒಣ ಪೇಂಟನ್ನು ಹಾಗೇ ಉಜ್ಜಿ ಧೂಳೆಬ್ಬಿಸಲೂಬಾರದು, ಮೂಗಿಗೆ ಬಟ್ಟೆ ಕಟ್ಟಿಕೊಂಡರೆ ಸಾಲದು. ಮಾಳಿಗೆಯ ಭಾರ ಹೊರಿಸುವ ಮುನ್ನ ತಿಳಿದವರಿಗೆ ತೋರಿಸಬೇಕು. ಬಾಗಿಲು, ಕಿಟಕಿ, ಮಂಚಕ್ಕಾದರೆ ಅಷ್ಟು ಯೋಚನೆ ಬೇಕಿಲ್ಲ.

ಇನ್ನೊಂದು ತಕರಾರು ಉಂಟು. "ಬಿದ್ದ ಮನೆ ಮರ ಹೊಸ ಮನೆಗೆ ಆಗಿಬರಲ್ಲ" ಅಂತ ವಾಸ್ತು ಹೇಳುವವರು. ಸ್ವಾಮಿ, ಅಜ್ಜಿ ದಿನಾ ಅರಿಶಿನ ಕುಂಕುಮ ಇಟ್ಟ ಹೊಸ್ತಿಲು ಅಪಶಕುನ ಆಗುವುದು ಹೇಗೆ? ನಮಗೆ ಆಗಿಬರದ ಅದೇ ಕಂಬವನ್ನು ಬೆಂಗಳೂರಿನ ಹೋಟೆಲಿನವರು ಹೊಳಪು ಕೊಟ್ಟು ಬಾಗಿಲಲ್ಲಿ ನಿಲ್ಲಿಸಿದರೆ ಅವರಿಗೆ ಹೇಗೆ ಆಗಿಬರುತ್ತದೆ? ತಮಿಳುನಾಡಿನ ಕಾರೈಕುಡಿಯಲ್ಲಿ ಚೆಟ್ಟಿಯಾರರ ಬಂಗಲೆಗಳ ಬರ್ಮಾ ತೇಗದ ಕಂಬ, ಬಾಗಿಲು ಮಾರುವುದಕ್ಕೇ ಒಂದು ಬೀದಿ ಇದೆ. ಅಪಶಕುನ ಅಂತ ನಾವು ಕಳಿಸಿದ್ದು ಬೇರೆಯವರಿಗೆ ಲಕ್ಷ್ಮಿ!

ಒಂದು ಮನೆಯ ಪೆದ್ದುತನ ಆ ಮನೆಗಷ್ಟೇ. ಆದರೆ 2019ರ ಆಗಸ್ಟ್ ನೆನಪಿದೆಯೇ? ಕಬಿನಿ ಜಲಾಶಯದಿಂದ ಲಕ್ಷ ಕ್ಯೂಸೆಕ್ಸಿಗೂ ಮೀರಿ ನೀರು ಬಿಟ್ಟರು. ಕಪಿಲೆ ನಂಜನಗೂಡಿನ ತಗ್ಗು ಬೀದಿಗಳಿಗೆ ನುಗ್ಗಿದಳು, ಮೈಸೂರು ರಸ್ತೆ ಮುಳುಗಿತು. ಕೆಳಗೆ ತಿ. ನರಸೀಪುರ, ತಲಕಾಡಿನ ಹೊಳೆದಡದವರೂ ನಿದ್ದೆಗೆಟ್ಟರು. ಮಣ್ಣಿನ ಗೋಡೆಗಳು ಕರಗಿ ಕೂತವು. ತೊಲೆಗಳು ಕರಗಲಿಲ್ಲ. ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಅಂತ ಸರ್ಕಾರ ಘೋಷಿಸಿತು. ಅದು ಕಂತಿನಲ್ಲಿ ಬರುವ ದುಡ್ಡು. ಅದರಲ್ಲೇ ಬಾಗಿಲು, ಕಿಟಕಿಗೂ ತೆಗೆಯಬೇಕು. ಅಂಗಳದಲ್ಲಿ ಬಿದ್ದಿದ್ದ ಗಟ್ಟಿ ಮರ ಮಾತ್ರ ಬಚ್ಚಲ ಒಲೆಗೋ, ಗುಜರಿ ಲಾರಿಗೋ ಹೋಯಿತು. ನೆನೆದ ಮರವನ್ನು ಬಿಸಿಲಿಗೆ ಹಾಕಬಾರದು, ನೆರಳಲ್ಲಿ ನಡುನಡುವೆ ರೀಪು ಕೊಟ್ಟು ಅಟ್ಟಿ ಪೇರಿಸಿದರೆ ಉಳಿಯುತ್ತದೆ ಅಂತ ಅವತ್ತು ಹೇಳುವವರಿರಲಿಲ್ಲ. ಪೇರಿಸುವುದಕ್ಕೆ ಜಾಗವೂ ಇರಲಿಲ್ಲ.

ಒಣ ಮರದ ತೂಕದಲ್ಲಿ ಸುಮಾರು ಅರ್ಧ ಇಂಗಾಲ. ಸುಟ್ಟರೆ ಅದೆಲ್ಲಾ ಹೊಗೆಯಾಗಿ ಗಾಳಿಗೆ. ಬಾಗಿಲಾಗಿ ನಿಂತರೆ ಇನ್ನೂ ಒಂದು ತಲೆಮಾರು ಅಲ್ಲೇ ಇರುತ್ತದೆ, ಕಾಡಿನಲ್ಲೊಂದು ಮರವೂ ಉಳಿಯುತ್ತದೆ. ಪರಿಸರ ದಿನಾಚರಣೆಗೆ ಸಸಿ ನೆಟ್ಟು ಫೋಟೋ ತೆಗೆಸಿಕೊಳ್ಳುವವರು ಇದನ್ನೂ ಸ್ವಲ್ಪ ಯೋಚಿಸಲಿ.

ಆಗದ ಮಾತೇನಲ್ಲ ಇದು. ಮಣಿಪಾಲದ ವಿಜಯನಾಥ ಶೆಣೈ ಬ್ಯಾಂಕ್ ನೌಕರರಾಗಿದ್ದವರು. ಕೆಡವುವ ಮನೆಗಳ ಕಂಬ, ಬಾಗಿಲು ಕೂಡಿಸಿಯೇ ತಮ್ಮ ಮನೆ ಕಟ್ಟಿಕೊಂಡರು. ಆಮೇಲೆ ಇಡೀ ಇಡೀ ಮನೆಗಳನ್ನೇ ಬಿಚ್ಚಿ ತಂದು ಮತ್ತೆ ಜೋಡಿಸಿ ಪರಂಪರೆ ಗ್ರಾಮ ಮಾಡಿದರು. 2017ರಲ್ಲಿ ಅವರು ತೀರಿಕೊಂಡರು, ಮನೆಗಳು ನಿಂತಿವೆ. ನಮಗೆ ಮ್ಯೂಸಿಯಂ ಬೇಡ. ನಮ್ಮ ಮರ ನಮ್ಮ ಬಾಗಿಲಾದರೆ ಸಾಕು.

ನಂಜನಗೂಡು ನಗರಸಭೆ, ತಿ. ನರಸೀಪುರ ಪುರಸಭೆಯವರಲ್ಲಿ ಕೇಳುವುದು ಮೂರೇ. ಹಳೇ ಮನೆ ಕೆಡವಿ ಕಟ್ಟುವವರಿಗೆ ಲೈಸೆನ್ಸ್ ಕೊಡುವಾಗ ಮರದ ಅಳತೆ ಪಟ್ಟಿ ಒಂದು ಹಾಳೆ ಬರೆಸಿ. ಎಷ್ಟು ಮರ ಇದೆ ಅಂತ ಗೊತ್ತಾದರೆ ಯಾರೂ ಕೂಲಿಗೆ ವಜಾ ಹಾಕಿ ಕೊಡುವುದಿಲ್ಲ. ಎರಡನೆಯದು, ಮಳೆಗಾಲಕ್ಕೆ ಮುಂಚೆ ಊರಿಗೊಂದು ಶೆಡ್ ಗೊತ್ತು ಮಾಡಿ. ಬಿದ್ದ ಮನೆಯವರ ಮರ ಅವರ ಹೆಸರು ಬರೆದು ಅಲ್ಲಿ ಒಣಗಲಿ. ಮೂರನೆಯದು, ಪರಿಹಾರದ ಮನೆ ಅಂದಾಜುಪಟ್ಟಿಯಲ್ಲಿ ಹಳೇ ಮರದ ಬಾಗಿಲು, ಕಿಟಕಿಗೆ ಆಚಾರ್ರ ಕೂಲಿ ಸೇರಿಸಿ. ಮರದ ದುಡ್ಡು ಉಳಿಯುತ್ತದೆ, ಊರಿನ ಆಚಾರ್ರಿಗೂ ನಾಲ್ಕು ದಿನ ಕೆಲಸ ಆಗುತ್ತದೆ.

ಅಧಿಕಾರಿಗಳು ಮಾಡುವವರೆಗೆ ನಾವಾದರೂ ಒಂದು ಮಾಡೋಣ. ಗುತ್ತಿಗೆದಾರ "ಹಳೇ ಸೌದೆ" ಅಂದ ತಕ್ಷಣ ತಲೆಯಾಡಿಸದೆ, ಒಳಗೆ ಹೋಗಿ ಟೇಪು ತರೋಣ. ಇಲ್ಲದಿದ್ದರೆ ನಮ್ಮಮ್ಮನ ಹಾಗೆ ದಿನಾ ರಾತ್ರಿ ಬಾಗಿಲಿಗೆ ಭುಜ ಕೊಡಬೇಕಾದೀತು.